ಉಂಡವರ ಒಪ್ಪಿಗೆ

ವಾದ ಮಾಡುವುದನ್ನು ಕಲಿಸಿ ಹೊಟ್ಟೆ ಹೊರೆಯುವವರಿಗೆ ಮನೆಗೆ ಬಂದ ಮೇಲೆ ವಾದ ಮಾಡುವ ಉಮೇದು ಉಳಿದಿರುವುದಿಲ್ಲ. ಧಾರವಾಡದ ಒಂದು ತರಬೇತಿ ಕೇಂದ್ರದಲ್ಲಿ ನಾನು ನೌಕರಿ ಹುಡುಕುವ ಹುಡುಗ ಹುಡುಗಿಯರಿಗೆ ಗುಂಪು ಚರ್ಚೆ ಕಲಿಸುತ್ತೇನೆ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗಾಗಿ ಊರೂರು ತಿರುಗಿ ಗೆದ್ದು ತಂದ ಫಲಕಗಳೆಲ್ಲ ಈಗ ಮನೆಯ ಅಟ್ಟದ ಮೇಲಿವೆ. ಒಂದು ಮಾತ್ರ ಉಪಯೋಗಕ್ಕೆ ಬಂದಿದೆ. ಮೌಶಿ ಅದನ್ನು ಹಿಟ್ಟಿನ ಡಬ್ಬಿಗೆ ಮುಚ್ಚಳ ಮಾಡಿಕೊಂಡಿದ್ದಾಳೆ.

ಮೌಶಿ ನನ್ನ ತಾಯಿಯ ತಂಗಿ. ಹುಬ್ಬಳ್ಳಿಯ ಅಂಚಿಗೆ, ಗಬ್ಬೂರಿನ ಕಡೆ, ಬೈಪಾಸಿನಿಂದ ತುಸು ಒಳಗಿರುವ ಒಂದು ಕಟ್ಟಡದ ನೆಲಮಹಡಿಯಲ್ಲಿ ನಾವಿಬ್ಬರೂ ಇದ್ದೇವೆ. ಹಿಂದಿನ ಕೋಣೆ ನಮ್ಮ ವಾಸಕ್ಕೆ, ಮುಂದಿನದು ಅವಳ ರೊಟ್ಟಿ ಕೇಂದ್ರಕ್ಕೆ. ಬೆಳಕು ಹರಿಯುವ ಮೊದಲೇ ಸುತ್ತಲಿನ ಓಣಿಗಳ ಹೆಂಗಸರು ಬಂದು ಕೂತು ಜೋಳದ ರೊಟ್ಟಿ ಬಡಿಯತೊಡಗುತ್ತಾರೆ. ಊರಿನ ಖಾನಾವಳಿಗಳಿಗೆ ಅವು ಊಟದ ಹೊತ್ತಿಗೆ ಮುಟ್ಟಬೇಕು. ಕಟ್ಟಿಗೆಯ ಹಲಗೆಯ ಮೇಲೆ ಅಂಗೈ ಬೀಳುವ ಆ ಸಪ್ಪಳವನ್ನು ಒಬ್ಬಳೇ ಮಾಡಿದರೆ ಮನೆಯ ಸಪ್ಪಳ, ಐದಾರು ಮಂದಿ ಕೂಡಿ ಮಾಡಿದರೆ ಕಾರಖಾನೆಯ ಸಪ್ಪಳ. ನನಗೆ ಅದು ರೂಢಿಯಾಗಿದೆ. ಕಟ್ಟಡದ ಉಳಿದವರಿಗೆ ಆಗಿರಲಿಲ್ಲ.

ಗೊಣಗಾಟ ಮೊದಲು ಮೆಟ್ಟಿಲ ಮೇಲೆ ಕೇಳಿಸಿತು, ಆಮೇಲೆ ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ ಒಂದು ಅಳುವ ಮುಖದ ಚಿತ್ರವಾಗಿ ಬಂತು. ಕೊನೆಗೆ ಭಾನುವಾರ ಸಂಜೆ ಮಾಳಿಗೆಯ ಮೇಲೆ ಎಲ್ಲರೂ ಕೂಡಬೇಕೆಂದು ಎರಡನೇ ಮಹಡಿಯ ನಿವೃತ್ತ ಮಾಸ್ತರರು ತಿಳಿಸಿದರು. ಈ ಜಾಗ ಬಿಡಬೇಕಾಗಿ ಬಂದರೆ ಮೌಶಿಯ ಕೆಲಸವೇ ನಿಂತಂತೆ. ಆ ಹೆಂಗಸರು ಮನೆಯ ನೀರು ನಿಡಿ ನೋಡಿಕೊಂಡು, ಮಕ್ಕಳು ಏಳುವುದರೊಳಗೆ ನಡೆದು ಬಂದು ಹೋಗುವವರು. ದೂರದ ಓಣಿಗೆ ಹೋದರೆ ಅವರಲ್ಲಿ ಒಬ್ಬಳೂ ಬರಲಾರಳು.

‘ಇಷ್ಟ ದಿನ ಮಂದಿ ಮಕ್ಕಳಿಗೆ ಕಲಿಸೀದಿ,’ ಎಂದಳು ಮೌಶಿ. ‘ಈಗ ನನ್ನ ಸಲುವಾಗಿ ನಾಕ ಮಾತ ಆಡು.’

ಆಡಲು ನಾನು ತಯಾರಿ ಮಾಡಿಕೊಂಡೆ. ದಣಿದಿದ್ದರೂ ಮಾಡಿಕೊಂಡೆ. ದಿನಾ ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ಧಾರವಾಡದಿಂದ ಬರುವಾಗ ಎದುರಾಳಿಗಳು ಏನೇನು ಹೇಳಬಹುದು, ಅದಕ್ಕೆ ನಾನೇನು ಹೇಳಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ನಸುಕಿನಲ್ಲಿ ನೀರಿನ ಮೋಟಾರು ಕೂಗುವುದಿಲ್ಲವೇ? ಪ್ರತಿ ಮನೆಯ ಕುಕ್ಕರು? ಮಾಸ್ತರರು ಹಾಕುವ ಭಕ್ತಿಗೀತೆ? ತರಗತಿಯಲ್ಲಿ ನಾನು ಹೇಳುವುದು ಒಂದೇ ಮಾತು: ಎದುರಿನವನ ಬಾಯಿ ಮುಚ್ಚಿಸಿದರೆ ಗೆದ್ದಂತಲ್ಲ, ಅವನು ತನ್ನ ಅತ್ಯಂತ ಗಟ್ಟಿ ಮಾತನ್ನು ಆಡಿ ಮುಗಿಸಿದ ಮೇಲೂ ನಿನ್ನ ಮಾತು ನಿಂತಿದ್ದರೆ ಮಾತ್ರ ಗೆದ್ದಂತೆ. ಹುಡುಗರು ತಲೆಯಾಡಿಸುತ್ತಾರೆ. ಆಮೇಲೆ ಚರ್ಚೆ ಶುರುವಾದ ಕೂಡಲೇ ಯಾರ ಗಂಟಲು ದೊಡ್ಡದೋ ಅವನ ಹಿಂದೆ ಹೋಗುತ್ತಾರೆ. ಇದನ್ನು ನೋಡಿ ನೋಡಿ ನನಗೆ ಈಗ ಸಿಟ್ಟೂ ಬರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಮೌಶಿಗೆ ಮೊದಲೇ ಎಚ್ಚರಿಕೆ ಕೊಟ್ಟೆ.

‘ಮೀಟಿಂಗ್ ಮುಗಿಯೂತನಕ ಯಾರಿಗೂ ಏನೂ ಕೊಡಬ್ಯಾಡ. ಚಹಾನೂ ಬ್ಯಾಡ.’

‘ಯಾಕ? ಚಹಾ ಕುಡದ್ರ ಅವರಿಗೆ ಕಿವಿ ಕೇಳೂದಿಲ್ಲೇನು?’

‘ಬಾಯಿ ಬರೂದಿಲ್ಲ.’

‘ಬರದಿದ್ರ ಛಲೋನ ಆತಲ್ಲ. ನಮಗ ಬೇಕಾಗಿದ್ದ ಅದ.’

ಇದಕ್ಕೆ ನನ್ನ ಬಳಿ ಉತ್ತರವಿತ್ತು. ಆದರೆ ಅವಳು ಆಗಲೇ ಬದನೆಕಾಯಿ ಸೀಳುತ್ತಿದ್ದಳು.

ಭಾನುವಾರ ಸಂಜೆ ಮಾಳಿಗೆಯ ಮೇಲೆ ಜಮಖಾನೆ ಹಾಸಿತ್ತು. ಜನ ಬಂದು ಕೂರುವುದಕ್ಕೂ ಮೌಶಿಯ ತಾಟುಗಳು ಮೇಲೆ ಬರುವುದಕ್ಕೂ ಸರಿಯಾಯಿತು. ಹಂಚಿನಿಂದ ಆಗಷ್ಟೇ ಇಳಿಸಿದ ಮೆತ್ತನೆಯ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ‘ಮೊದಲ ಉಣ್ರಿ, ಮಾತು ಎಲ್ಲಿ ಹೋಗತೈತಿ,’ ಎಂದು ಪ್ರತಿಯೊಬ್ಬರ ಕೈಗೂ ಅವಳೇ ತಾಟು ಕೊಟ್ಟಳು. ಎಲ್ಲರೂ ಉಂಡರು. ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡರು.

ಮಾಸ್ತರರು ಕೈ ಒರೆಸಿಕೊಂಡು ಎದ್ದರು. ‘ವಿಷಯ ಎರಡು ಅದಾವ್ರಿ. ಒಂದು, ನೀರಿನ ಟಾಕಿ ತೊಳಸೂದು. ಎರಡು…’ ಅವರ ಕಣ್ಣು ತಮ್ಮದೇ ಖಾಲಿ ತಾಟಿನ ಮೇಲೆ ಬಿತ್ತು. ‘ಎರಡು, ಆ ಸಪ್ಪಳದ್ದು. ಯಾರದರ ತಕರಾರು ಐತೇನ್ರಿ?’

ಕೆಲವರು ಬೆರಳಿಗೆ ಹತ್ತಿದ ಚಟ್ನಿ ನೆಕ್ಕಿಕೊಂಡರು.

‘ಎಣಗಾಯಿಗೆ ಉಪ್ಪು ಒಂಚೂರು ಮುಂದಾಗೇತ್ರಿ. ನಂದ ಅದೊಂದ ತಕರಾರು,’ ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ನಕ್ಕರು. ನಮ್ಮ ಕೇಂದ್ರದ ನೇರ ಮೇಲಿನ ಮನೆಯವನು, ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಯಾವುದೋ ಕಾರಖಾನೆಯಲ್ಲಿ ಕೆಲಸ ಮಾಡುವವನು, ನಗಲಿಲ್ಲ. ಮಾಸ್ತರರು ಅವನ ಕಡೆ ನೋಡಿದಾಗ ತಲೆ ಕೆಳಗೆ ಹಾಕಿ, ‘ನಂದೇನಿಲ್ರಿ,’ ಎಂದ. ಮುಂದೆ ಟಾಕಿಯ ಮಾತು ಬಹಳ ಹೊತ್ತು ನಡೆಯಿತು.

ನಾನು ಜೋಡಿಸಿಕೊಂಡು ಹೋಗಿದ್ದ ಒಂದು ಮಾತೂ ಬಾಯಿಂದ ಹೊರಡಲಿಲ್ಲ. ಸ್ಪರ್ಧೆಗಳಲ್ಲಿ ಎದುರಿನ ತಂಡ ಬಾರದೆ ಹೋದರೂ ನಮ್ಮನ್ನು ಗೆದ್ದವರೆಂದು ಬರೆದುಕೊಳ್ಳುತ್ತಿದ್ದರು. ಅಂಥ ಗೆಲುವು ಕೈಗೆ ಬಂದಾಗ ನನಗೆ ಯಾವಾಗಲೂ ಅನುಮಾನವೇ.

‘ನೋಡಿದೀ?’ ಎಂದಳು ಮೌಶಿ, ಖಾಲಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಇಳಿಯುತ್ತ. ‘ನಿನ್ನ ಶಾಣೇತನ ಏನೂ ಬೇಕಾಗಲಿಲ್ಲ.’

ಕೆಲವು ದಿನಗಳ ಮೇಲೆ ಧಾರವಾಡದಲ್ಲಿರುವ ಕಟ್ಟಡದ ಮಾಲೀಕರು ಫೋನು ಮಾಡಿದರು. ‘ನಿಮ್ಮ ಮ್ಯಾಲ ನನಗ ಸಿಟ್ಟಿಲ್ರಿ ಅಕ್ಕಾರ. ಆದ್ರ ಬಿಲ್ಡಿಂಗಿನವರೊಬ್ಬರು ಸಪ್ಪಳದ್ದು ಹೇಳಾಕತ್ತಾರ. ದೀಪಾವಳಿ ಒಳಗ ಬ್ಯಾರೆ ಜಾಗಾ ನೋಡ್ಕೊಳ್ರಿ.’

‘ಯಾರ್ರೀ ಹೇಳಿದವರು?’

‘ಹೆಸರು ಹೇಳಬ್ಯಾಡ್ರಿ ಅಂದಾರ.’

ಮೌಶಿ ಫೋನು ಕೆಳಗಿಟ್ಟು ಹಿಟ್ಟಿನ ಕೈಯಲ್ಲೇ ಕೂತಳು. ‘ನನ್ನ ಕೈಯ್ಯಾಗಿನ ರೊಟ್ಟಿ ತಿಂದು…’ ಎಂದಳು. ಆ ವಾಕ್ಯವನ್ನು ಮುಗಿಸಲಿಲ್ಲ. ಮರುದಿನವೂ ಅದನ್ನೇ ಅಂದಳು, ಆಗಲೂ ಮುಗಿಸಲಿಲ್ಲ. ‘ಆ ಓನರ್ ಜೋಡಿ ನೀ ಮಾತಾಡು,’ ಎಂದು ನನ್ನ ಬೆನ್ನು ಹತ್ತಿದಳು. ಏನು ಮಾತಾಡಲಿ? ಎದುರು ಯಾರಿದ್ದಾರೆ ಗೊತ್ತಿಲ್ಲ, ಅವರ ಮಾತೇನು ಗೊತ್ತಿಲ್ಲ. ಗೋಡೆಯ ಜೊತೆ ಚರ್ಚೆ ಮಾಡುವ ತರಬೇತಿ ನನಗೆ ಯಾರೂ ಕೊಟ್ಟಿಲ್ಲ.

ಈ ಕಡೆಯ ಜನಕ್ಕೆ ಇದೊಂದು ಹಳೆಯ ಭ್ರಮೆ. ಉಣ್ಣಿಸಿದರೆ ಒಪ್ಪಿಸಿದಂತೆ ಎಂದು ತಿಳಿಯುತ್ತೇವೆ. ವಾರ್ಡಿನ ಚುನಾವಣೆಗೆ ನಿಂತವರು ಪೆಂಡಾಲು ಹಾಕಿ ಹೋಳಿಗೆ ತುಪ್ಪ ಬಡಿಸುತ್ತಾರೆ. ಉಂಡವರು ‘ನೀವ ಬರೂದು ಖರೇರಿ’ ಎಂದು ಕೈ ತೊಳೆದು ಪಕ್ಕದ ಪೆಂಡಾಲಿಗೆ ನಡೆಯುತ್ತಾರೆ. ಎಣಿಕೆಯ ದಿನ ಸೋತವನು ಮೌಶಿಯಂತೆಯೇ ಅರ್ಧ ವಾಕ್ಯ ಹೇಳುತ್ತಾನೆ. ಅವನ ರಸ್ತೆಯಲ್ಲಿ ಗುಂಡಿ ಇದೆ ಎಂದು ಅವನ ಪೆಂಡಾಲಿನಲ್ಲಿ ಕೂತು ಹೇಳುವವರು ಯಾರು? ವ್ಯಾಪಾರದಲ್ಲಿಯೂ ಅಷ್ಟೇ. ಮೌಶಿಯ ಗಿರಾಕಿಯಾಗಿದ್ದ ಒಬ್ಬ ಖಾನಾವಳಿಯವನು ಬಂದಾಗಲೆಲ್ಲ ‘ಭಾರಿ ಆಗ್ಯಾವ್ರಿ’ ಎನ್ನುತ್ತಿದ್ದ. ಹಾಗೆನ್ನುತ್ತಲೇ ಒಂದು ದಿನ ಬರುವುದನ್ನು ಬಿಟ್ಟ. ಏನು ಕೆಟ್ಟಿತ್ತೆಂದು ಇವತ್ತಿಗೂ ಗೊತ್ತಿಲ್ಲ. ಇನ್ನೊಬ್ಬ ಅಂಚು ದಪ್ಪ, ನಡು ಹಸಿ ಎಂದು ಪ್ರತಿಸಲ ಜಗಳ ತೆಗೆಯುತ್ತಾನೆ. ಮೌಶಿ ಅವನಿಗೆ ‘ತಕರಾರಪ್ಪ’ ಎಂದು ಹೆಸರಿಟ್ಟಿದ್ದಾಳೆ. ಅವನ ಗಾಡಿ ಈಗಲೂ ದಿನಾ ಬರುತ್ತದೆ.

ಇದನ್ನೆಲ್ಲ ಅವಳಿಗೆ ಹೇಳಿದೆ. ‘ಹಂಗಂದ್ರ ಬಂದ ಮಂದಿಗೆ ಉಪಾಸ ಕೂಡಸಬೇಕೇನು?’ ಎಂದು ಮುಖ ತಿರುಗಿಸಿದಳು.

ರಜೆ ಇದ್ದ ದಿನ ಮಾಸ್ತರರನ್ನು ಕೇಳಲು ಹೋದೆ. ಅವರು ಹೆಸರು ಹೇಳಲಿಲ್ಲ, ಕಣ್ಣಿನಿಂದ ಕೆಳಗಿನ ಮಹಡಿಯ ಕಡೆ ತೋರಿಸಿದರು. ಮೆಟ್ಟಿಲಿಳಿದು ಆ ಮನೆಯ ಬಾಗಿಲು ತಟ್ಟಿದೆ. ಕಾರಖಾನೆಯವನೇ ತೆಗೆದ. ಮಟಮಟ ಮಧ್ಯಾಹ್ನ ಅವನ ಕಣ್ಣು ಕೆಂಪಗಿದ್ದವು. ನನ್ನನ್ನು ಕಂಡದ್ದೇ ಒಳಗೆ ನೋಡಿ, ‘ಚಹಾ ಇಡು, ಮೇಡಮ್ಮಾರ ಬಂದಾರ,’ ಎಂದು ಹೆಂಡತಿಗೆ ಹೇಳಿದ.

‘ಚಹಾ ಬ್ಯಾಡ್ರಿ. ಕುಡದ್ರ ನಾನೂ ಬಾಯಿ ಮುಚಗೊಂಡು ಹೋಗಬೇಕಾಗತೈತಿ.’

ಅವನಿಗೆ ತಿಳಿಯಿತು. ‘ಫೋನ್ ಮಾಡಿದವ ನಾನ ರೀ,’ ಎಂದ. ‘ಅವತ್ತ ಹೇಳಬೇಕಂತನ ಬಂದಿದ್ದೆ. ರೊಟ್ಟಿ ಎರಡೆರಡ ಸಲ ಹಾಕಿಸಿಕೊಂಡು, ಮ್ಯಾಲ ಮೊಸರ ಉಂಡು, ನಿಮ್ಮ ರೊಟ್ಟಿ ಬಂದ್ ಮಾಡ್ರಿ ಅಂತ ಹೆಂಗ್ರೀ ಹೇಳೂದು? ನಾನೂ ಮನಶ್ಯಾನ ಅದೇನಿ.’

ಅವನ ತೊಂದರೆ ಇಷ್ಟೇ. ರಾತ್ರಿ ಪಾಳಿಯ ವಾರಗಳಲ್ಲಿ ಅವನು ಬೇಲೂರಿನಿಂದ ಮನೆಗೆ ಬರುವುದು ನಸುಕಿನಲ್ಲಿ. ತಲೆ ದಿಂಬಿಗೆ ತಾಗುವ ಹೊತ್ತಿಗೆ ಸರಿಯಾಗಿ ಮಂಚದ ಕೆಳಗೆ ಹಲಗೆಗಳು ಶುರುವಾಗುತ್ತವೆ. ‘ಮಶೀನ್ ಮುಂದ ನಿಂತಲ್ಲೆ ಕಣ್ಣ ಮುಚ್ಚತಾವ್ರಿ. ಒಮ್ಮೆ ಬಾಜೂದವ ಕೈ ಹಿಡದ ಜಗ್ಗಿದ. ಇಲ್ಲಂದ್ರ ಈ ಕೈ…’ ಎಂದು ಬಲಗೈ ಎತ್ತಿ ತೋರಿಸಿದ.

ಮೋಟಾರು, ಕುಕ್ಕರು, ಭಕ್ತಿಗೀತೆ ಎಂದು ನಾನು ಕಟ್ಟಿಟ್ಟುಕೊಂಡಿದ್ದ ಮಾತಿನಲ್ಲಿ ಇದಕ್ಕೆ ತಾಗುವಂಥದ್ದು ಒಂದೂ ಇರಲಿಲ್ಲ. ‘ನಡೀರಿ,’ ಎಂದೆ. ‘ಇದನ್ನ ಮೌಶಿ ಮುಂದ ಹೇಳ್ರಿ. ಆಕಿ ಏನ ಕೊಟ್ರೂ ಇಸಗೋಬ್ಯಾಡ್ರಿ.’

ರೊಟ್ಟಿಯ ಕೆಲಸ ಮುಗಿದು ಹೆಂಗಸರು ಹೋಗಿದ್ದರು. ಮೌಶಿ ಹಲಗೆಗಳನ್ನು ತೊಳೆದು ಗೋಡೆಗೆ ಆನಿಸುತ್ತಿದ್ದಳು. ಅವನು ಹೊಸ್ತಿಲಲ್ಲಿ ನಿಂತೇ ಹೇಳಿದ. ಅವಳ ಮುಖ ಕಪ್ಪಗಾಯಿತು.

‘ಅವತ್ತ ಹೇಳಬೇಕಿತ್ತ.’

‘ಅವತ್ತ ನೀವು ಕೈಯ್ಯಾಗ ತಾಟ ಕೊಟ್ರಿ.’

‘ಬ್ಯಾಡ ಅನ್ನಬೇಕಿತ್ತ.’

‘ಕೊಟ್ಟ ತಾಟ ಬ್ಯಾಡ ಅನ್ನೂದನ್ನ ನಮ್ಮವ್ವ ಕಲಿಸಿಲ್ರಿ ಮೌಶಿ.’

‘ಬೆನ್ನ ಹಿಂದ ಫೋನ್ ಮಾಡೂದನ್ನ ಕಲಿಸ್ಯಾಳೇನು?’

‘ನಿದ್ದಿ ಇಲ್ಲದವಗ ಯಾರೂ ಕಲಿಸೂದ ಬೇಕಾಗಿಲ್ರಿ.’

ಜಗಳ ಬೆಳೆಯಿತು. ಈ ಕೆಲಸ ನಿಂತರೆ ಎಷ್ಟು ಮನೆಗಳ ಒಲೆ ಆರುತ್ತದೆ ಗೊತ್ತೇ ಎಂದು ಅವಳು. ನನ್ನ ಕೈ ಹೋದರೆ ನನ್ನ ಮನೆಯ ಒಲೆ ಯಾರು ಹಚ್ಚುತ್ತಾರೆ ಎಂದು ಅವನು. ಎರಡೂ ಖರೆ ಮಾತುಗಳೇ. ನಾನು ನಡುವೆ ಬಾಯಿ ಹಾಕಲಿಲ್ಲ. ಬಹಳ ದಿನಗಳ ಮೇಲೆ ಇಬ್ಬರು ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರ ಕೊಡುವುದನ್ನು ನೋಡುತ್ತಿದ್ದೆ. ತರಬೇತಿ ಕೇಂದ್ರದಲ್ಲಿ ಅದು ಕಾಣಸಿಗುವುದು ಅಪರೂಪ.

ದನಿ ಇಳಿದ ಮೇಲೆ ಕೆಲಸದ ಮಾತಿಗೆ ಬಂದರು. ಎಲ್ಲ ರೊಟ್ಟಿಯೂ ನಸುಕಿನಲ್ಲೇ ಆಗಬೇಕೇ ಎಂದು ಅವನು ಕೇಳಿದ. ಮೆತ್ತನೆಯವು ಆಗಲೇಬೇಕು ಎಂದಳು ಮೌಶಿ. ಒಣಗಿಸಿ ಇಡುವ ಖಡಕ್ ರೊಟ್ಟಿ ಮಧ್ಯಾಹ್ನ ಮಾಡಿದರೂ ನಡೆದೀತು. ಬಡಿತ ಜಾಸ್ತಿ ಬೇಕಾಗುವುದು ಅದಕ್ಕೇ. ಅವನ ರಾತ್ರಿ ಪಾಳಿಯ ವಾರಗಳಲ್ಲಿ ಖಡಕ್ ರೊಟ್ಟಿ ಅವನು ಎದ್ದ ಮೇಲೆ. ಉಳಿದ ಮೆತ್ತನೆಯದನ್ನು ಅವನ ಮಂಚದ ಕೆಳಗೆ ಬಡಿಯದೆ ಎಲ್ಲಿ ಬಡಿಯುವುದು? ಇಬ್ಬರೂ ಸುತ್ತ ನೋಡಿದರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಹಿಂದಿನ ಕೋಣೆ, ಎಂದರೆ ನಾನು ಮಲಗುವುದು, ಅವನ ಅಡುಗೆಮನೆಯ ಕೆಳಗಿದೆ.

‘ನೀ ಇಲ್ಲೆ ಮುಂದ ಮಲಗಿದ್ರಾತು,’ ಎಂದಳು ಮೌಶಿ. ‘ನಿನಗ ಬೈಪಾಸಿನ ಲಾರಿ ಸಪ್ಪಳ ಏನಾಗೂದಿಲ್ಲ.’

ಇದನ್ನು ಖಂಡಿಸಲು ನನ್ನ ಬಳಿ ಕನಿಷ್ಠ ಮೂರು ಕಾರಣಗಳಿದ್ದವು. ಹೇಳಲು ತ್ರಾಣವಿರಲಿಲ್ಲ. ‘ಆತು,’ ಎಂದೆ.

ಅವನು ಅಲ್ಲಿಯೇ ನಿಂತು ಎಲ್ಲರಿಗೂ ಕೇಳಿಸುವಂತೆ ಮಾಲೀಕರಿಗೆ ಫೋನು ಹಚ್ಚಿದ. ‘ಮಾಲಕರ, ನನ್ನ ತಕರಾರು ಮುಗೀತ್ರಿ. ಮೌಶಿ ಇಲ್ಲೇ ಇರಲಿ.’

‘ಅಲ್ಲೋ ಮಾರಾಯಾ, ಮ್ಯಾಲ ಕೆಳಗ ಇರವರು, ಮೊದಲ ನಿಮ್ಮ ನಿಮ್ಮೊಳಗ ಮಾತಾಡಬಾರದೇನು? ನನ್ನನ್ನ ಕೆಟ್ಟವನ್ನ ಮಾಡಿದಿ,’ ಎಂದರು ಅವರು. ‘ಇರಲಿ ಬಿಡು. ನನಗೇನ ಐತಿ.’

ಮೌಶಿ ಒಂದು ಕ್ಷಣವೂ ಕಾಯಲಿಲ್ಲ. ಒಳಗೆ ಹೋಗಿ, ನಮ್ಮಿಬ್ಬರ ಊಟಕ್ಕೆಂದು ಮುಚ್ಚಿಟ್ಟಿದ್ದ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ, ತಾಟು ತಂದು ಅವನ ಮುಂದೆ ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಎಲ್ಲವೂ ಮೊದಲಿನಿಂದ ಶುರುವಾಯಿತು ಎಂದುಕೊಂಡೆ.

ಅವನು ಕೈ ಮುಂದೆ ಮಾಡಿದ, ಅರ್ಧಕ್ಕೆ ನಿಲ್ಲಿಸಿದ, ಹಿಂದೆ ತೆಗೆದುಕೊಂಡ. ‘ಸಿಟ್ಟಾಗಬ್ಯಾಡ್ರಿ ಮೌಶಿ. ಇನ್ನೊಂದ ಮಾತ ಉಳದೈತಿ. ಅದನ್ನ ಹೇಳಿ ಆಮ್ಯಾಲ ತಿಂತೇನಿ.’

‘ಇನ್ನೇನಪಾ?’

‘ನಿಮ್ಮ ಖಾನಾವಳಿಯವರ ಗಾಡಿ ರೀ. ಮೆಟ್ಟಲಕ್ಕ ಅಡ್ಡ ನಿಲ್ಲಸ್ತಾರ.’

ಮೌಶಿ ತಾಟನ್ನು ಹಿಡಿದೇ ನಿಂತಳು. ಕೊಟ್ಟದ್ದು ತಿರುಗಿ ಅವಳ ಕೈಯಲ್ಲಿ ಉಳಿದದ್ದು ಅದೇ ಮೊದಲಿರಬೇಕು. ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಹಿಟ್ಟಿನ ಡಬ್ಬಿಯ ಮೇಲಿನ ನನ್ನ ಫಲಕವನ್ನು ಸೆರಗಿನಿಂದ ಒರೆಸಿ, ತಾಟನ್ನು ಅದರ ಮೇಲಿಟ್ಟು, ಎದುರಿಗೆ ಕುಕ್ಕರಗಾಲಿನಲ್ಲಿ ಕೂತಳು.

‘ಹೇಳು,’ ಎಂದಳು. ‘ಲಗೂ ಹೇಳು. ರೊಟ್ಟಿ ಆರತಾವ.’