ಬೆನ್ನ ಮೇಲೊಂದು ಖೋ

ಪಟ್ಟಂದೂರು ಅಗ್ರಹಾರದ ಒಂದು ಖಾಸಗಿ ಶಾಲೆಯಲ್ಲಿ ನಾನು ಪಿ.ಟಿ. ಮೇಷ್ಟ್ರಾಗಿದ್ದೆ. ಮಕ್ಕಳಿಗೆ ಓಡಲು ಹೇಳಿ, ನಾನು ಹೊಟ್ಟೆಯ ಸಮೇತ ನೆರಳಲ್ಲಿ ನಿಲ್ಲುವವನು. ಒಂದು ದಿನ ಏನು ಹುಕಿ ಬಂತೋ, ಮೂರನೇ ಕ್ಲಾಸಿನ ಖೋಖೋ ಆಟಕ್ಕೆ ನಾನೂ ಇಳಿದುಬಿಟ್ಟೆ. ಅಟ್ಟಿಸಿಕೊಂಡು ಹೋಗಲು ಉಸಿರು ಸಾಲದೆ, ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳ ಬೆನ್ನು ತಟ್ಟಿ ಖೋ ಕೊಟ್ಟೆ.

ಮರುದಿನ ಅವಳ ತಾಯಿ ಪ್ರಿನ್ಸಿಪಾಲ್ ಮೇಡಂ ಎದುರು ಕೂತಿದ್ದರು. "ಪಿ.ಟಿ. ಸಾರ್ ಹಿಂದಿನಿಂದ ಬಂದು ಬೆನ್ನು ಮುಟ್ಟಿದ್ರು" ಎಂದು ಮಗು ಮನೆಯಲ್ಲಿ ಹೇಳಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆಟದ ವಿಷಯ ಮಾತ್ರ ಬಿಟ್ಟುಹೋಗಿತ್ತು. ಅದನ್ನು ಹೇಳಬೇಕಾದ ನಾನು ಗಾಬರಿಯಲ್ಲಿ, "ಇವಳೊಬ್ಬಳಿಗೇ ಅಲ್ಲ ಮೇಡಂ, ಎಲ್ರಿಗೂ ಹಂಗೇ ಮಾಡ್ತೀನಿ" ಎಂದೆ. ನನ್ನ ಶತ್ರು ಕೂಡ ನನಗೆ ಅಷ್ಟು ಕೇಡು ಬಗೆಯುತ್ತಿರಲಿಲ್ಲ.

ವಿಚಾರಣೆ ಆಗುವವರೆಗೆ ಶಾಲೆಗೆ ಬರಬೇಡಿ ಎಂದರು. "ಯಾಕ್ ಮೇಷ್ಟ್ರೇ, ಇಸ್ಕೂಲಿಗೆ ಓಗಿಲ್ವಾ?" ಎಂದು ಮನೆಯ ಮಾಲೀಕರು ಕೇಳಿದಾಗ ಜ್ವರ ಎಂದೆ. ಹೆಂಡತಿ ನನ್ನನ್ನು ನಂಬಿದ್ದಳು. ಆದರೂ ಅವಳ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಈ ಹೆಸರು ಹೊತ್ತು ಹೊರಬಿದ್ದರೆ ಇನ್ನಾವ ಶಾಲೆಯೂ ಸೇರಿಸಿಕೊಳ್ಳುತ್ತಿರಲಿಲ್ಲ.

ವಿಚಾರಣೆಯ ದಿನ ಮೇಡಂ ಮಗುವನ್ನು ಕೇಳಿದರು, "ಸಾರ್ ಏನ್ ಮಾಡಿದ್ರು, ತೋರಿಸ್ತೀಯಾ ಪುಟ್ಟಾ?"

"ಸಾರ್ ಕೂತ್ಕೋಬೇಕು" ಎಂದಳು.

ನಾನು ಕಾರ್ಪೆಟ್ಟಿನ ಮೇಲೆ ಕುಕ್ಕರುಗಾಲಲ್ಲಿ ಕೂತೆ. ಅವಳು ಹಿಂದಿನಿಂದ ಬಂದು ಬೆನ್ನಿಗೆ ಬಾರಿಸಿ "ಖೋ" ಎಂದಳು. ಹಳೆಯ ಅಭ್ಯಾಸ ನೋಡಿ, ನಾನು ಎದ್ದು ಓಡಿಯೇಬಿಟ್ಟೆ. ಬಾಗಿಲ ಹತ್ತಿರ ಬುದ್ಧಿ ಬಂತು. ತಿರುಗಿದರೆ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ತಾಯಿಯೂ ನಕ್ಕರು. ಆಮೇಲೆ, "ಸಾರಿ ಸಾರ್. ಆದ್ರೂ ಕೇಳ್ದೇ ಇರಕ್ಕಾಗಲ್ಲ ಅಲ್ವಾ?" ಎಂದರು. ನನಗೂ ಮಗಳಿದ್ದಾಳೆ. ಹೌದೆಂದು ತಲೆಯಾಡಿಸಿದೆ.

ಆದರೆ ಭಯ ಹೋಗಲಿಲ್ಲ. ಅಂದಿನಿಂದ ದಿನಪತ್ರಿಕೆಯ ಸುರುಳಿಯೊಂದನ್ನು ಹಿಡಿದೇ ಮೈದಾನಕ್ಕೆ ಇಳಿದೆ. ಖೋ ಕೊಡುವುದೂ ಅದರಲ್ಲೇ, ಸಾಲು ಸರಿಪಡಿಸುವುದೂ ಅದರಲ್ಲೇ. ಶೂ ಲೇಸ್ ಬಿಚ್ಚಿದರೂ ಆಯಾಳನ್ನು ಕೂಗುತ್ತಿದ್ದೆ. ನೊಣ ಹೊಡೆಯುವವನ ಹಾಗೆ ಕಾಣುತ್ತೀರಿ ಎಂದು ಗಣಿತದ ಮೇಷ್ಟ್ರು ನಗುತ್ತಿದ್ದರು.

ಒಂದು ಮಧ್ಯಾಹ್ನ ಅದೇ ಹುಡುಗಿ ಓಡುವಾಗ ಬಿದ್ದು ಮಂಡಿ ತರಚಿಕೊಂಡಳು. ಅಂದು ಆಯಾ ರಜೆ. ಅಳುತ್ತಾ ಅವಳು ಕೈ ಚಾಚಿದಳು. ನಾನು ಸುರುಳಿ ಚಾಚಿದೆ. ಅದರ ಒಂದು ತುದಿ ಅವಳು, ಇನ್ನೊಂದು ತುದಿ ನಾನು ಹಿಡಿದು ಮೈದಾನ ದಾಟತೊಡಗಿದೆವು. ನಡುವೆ ಅವಳು ನಿಂತು ಮೆಲ್ಲಗೆ ಹೇಳಿದಳು, "ಕೈ ಹಿಡ್ಕೊಳ್ಳಿ ಸಾರ್. ನಾನು ಅಮ್ಮಂಗೆ ಹೇಳಲ್ಲ."

ಯಾವ ಮಗುವೂ ಆಡಬಾರದ ಮಾತು ಅದು. ನನ್ನನ್ನು ಉಳಿಸಿಕೊಳ್ಳುವ ಭರದಲ್ಲಿ ಅದನ್ನು ಕಲಿಸಿದವನು ನಾನೇ.

ಸುರುಳಿ ಬಿಸಾಡಿ, ಎಲ್ಲರಿಗೂ ಕಾಣುವಂತೆ ಅವಳ ಕೈ ಹಿಡಿದೆ.

"ಹೇಳ್ಬೇಕು ಪುಟ್ಟಾ. ಸಾರ್ ಕೈ ಹಿಡ್ಕೊಂಡ್ರು ಅಂತ ಇವತ್ತೇ ಅಮ್ಮಂಗೆ ಹೇಳು. ಯಾರು ಏನೇ ಮಾಡಿದ್ರೂ ಹೇಳ್ಬೇಕು."

ನಾಲ್ಕು ಹೆಜ್ಜೆ ನಡೆದ ಮೇಲೆ ತಡೆಯಲಾಗದೆ ಸೇರಿಸಿದೆ, "ಬಿದ್ದಿದ್ದನ್ನ ಮಾತ್ರ ಮೊದಲು ಹೇಳಮ್ಮ."