ನಾರಾಯಣಮ್ಮತ್ತೆಯ ರಕ್ತ

ನಾರಾಯಣಮ್ಮತ್ತೆಯ ಕಣ್ಣಿನ ಬಿಳಿಭಾಗ ಅರಿಶಿನದ ನೀರಿನಂತಿತ್ತು. ಕ್ಯಾಸಂಬಳ್ಳಿಯ ಡೇರಿಯಲ್ಲಿ ಹಾಲು ಹಾಕುವಾಗ ಹೊಸಬರು ಯಾರಾದರೂ ದಿಟ್ಟಿಸಿದರೆ ಅವಳೇ ಕೇಳುತ್ತಿದ್ದಳು: "ಯಾಕಪ್ಪಾ ಅಂಗ್ ನೋಡ್ತೀಯ? ಅಳದಿ ಇರೋದು ನನ್ ಕಣ್ಣು, ಆಲಲ್ಲ."

ಅವಳು ನಮ್ಮಪ್ಪನ ಅಕ್ಕ. ಚಿಕ್ಕಂದಿನಿಂದ ಎಲ್ಲರೂ ಅದನ್ನು ಕಾಮಾಲೆ ಎಂದೇ ತಿಳಿದು ಸೊಪ್ಪಿನ ರಸ ಕುಡಿಸಿದ್ದರು. ನೋಡಲು ಬಂದ ಗಂಡಿನ ಕಡೆಯವರು ಕಣ್ಣು ಕಂಡು ಎದ್ದುಹೋದರು. ಮದುವೆ ಆಗಲಿಲ್ಲ; ಕಾಮಾಲೆಗೆಂದು ಎಣ್ಣೆ, ಉಪ್ಪು ಬಿಟ್ಟ ಪಥ್ಯ ಮಾತ್ರ ಉಳಿಯಿತು. ಹಸು ಕಟ್ಟಿಕೊಂಡು ನಮ್ಮ ಮನೆಯಲ್ಲೇ ಇದ್ದಳು.

ನಾನು ಡಿಗ್ರಿ ಓದುವಾಗ ಒಂದು ಜ್ವರದ ನಂತರ ನನ್ನ ಕಣ್ಣೂ ಹಳದಿಯಾಯಿತು. ಅಪ್ಪ ಸೊಪ್ಪಿನ ಔಷಧಿಗೆ ಹೊರಟಾಗ ಅತ್ತೆ ಅಡ್ಡ ನಿಂತಳು. "ನಂಗ್ ಕುಡ್ಸಿದ್ದು ಸಾಕು. ಇವ್ಳಿಗೆ ಬ್ಯಾಡ."

ನನ್ನನ್ನು ಬಂಗಾರಪೇಟೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಬಿಡಿಸಿ ಹೇಳಿದರು: "ಕೆಂಪು ರಕ್ತಕಣದ ಒಳಮೈಗೆ ಪ್ರೋಟೀನಿನ ಒಂದು ಬಲೆ ಇರುತ್ತೆ. ಕಣ ಇಕ್ಕಟ್ಟಿನ ದಾರಿಯಲ್ಲಿ ಬಾಗಿ ನುಸುಳಿ, ಆಚೆ ಬಂದು ಮತ್ತೆ ಮೊದಲಿನ ಆಕಾರಕ್ಕೆ ಬರೋದು ಆ ಬಲೆಯಿಂದ. ನಿಮ್ಮಿಬ್ಬರಲ್ಲೂ ಅದರ ಹಿಡಿತ ಸಡಿಲ. ಕಣ ಚೆಂಡಿನಂತಾಗಿ, ಬಾಗಲಾರದೆ, ಹೊಟ್ಟೆಯ ಎಡಗಡೆ ಇರೋ ಗುಲ್ಮದಲ್ಲಿ ಸಿಕ್ಕಿ ಒಡೆಯುತ್ತೆ. ಹಳದಿ ಬರೋದು ಅದರಿಂದ. ವಂಶದಲ್ಲಿ ಬಂದದ್ದು; ಕೆಲವರಲ್ಲಿ ಹೊರಗೆ ಕಾಣಿಸೋದೇ ಇಲ್ಲ."

ಅತ್ತೆ ಕೇಳಿದ್ದು ಒಂದೇ: "ಅಂಗಾರೆ ನಾನು ಉಪ್ಪು ತಿನ್ಬೋದಿತ್ತಾ?"

"ತಿನ್ನಬಹುದಿತ್ತಮ್ಮ."

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಬಿಸಿ ಬೋಂಡ ತಿನ್ನುತ್ತಾ ಅತ್ತುಬಿಟ್ಟಳು.

ಮುಂದೆ ಉರಿಗಾಂನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದರು. ಅಪ್ಪ ಅತ್ತೆಗೆ ಕೊಟ್ಟಿಗೆಯಲ್ಲೇ ಇರಲು ಹೇಳಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನೇರ ನಡುಮನೆಗೆ ಬಂದಳು.

"ನಮ್ ಕಣ್ಣು ನೋಡ್ಕಳಿ. ರಕ್ತದ ಕಣದೊಳ್ಗಿನ ಬಲೆ ಸಡ್ಲ, ಬಗ್ಗಕ್ಕಾಗ್ದೆ ಒಡ್ದೋಯ್ತದೆ. ಅಂಟುಜಾಡ್ಯ ಅಲ್ಲ. ಮಕ್ಳಿಗೆ ಬಂದ್ರೂ ಬರ್ಬೋದು. ಒಪ್ಗೆ ಇದ್ರೆ ಕಾಪಿ ಕುಡೀರಿ."

ಅಪ್ಪ ತಲೆ ತಗ್ಗಿಸಿದ. ಹುಡುಗನ ತಾಯಿ ಕಾಫಿ ಲೋಟ ಎತ್ತಿಕೊಂಡು, "ಮುಚ್ಚಿಡದೆ ಹೇಳಿದ್ರಲ್ಲಕ್ಕ, ಅಷ್ಟು ಸಾಕು" ಎಂದರು.

ಅದೇ ಹಳದಿ ಹೆಪ್ಪುಗಟ್ಟಿ ಅತ್ತೆಯ ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಮೈಗೆ ನಂಜು ಏರಿ ಆಸ್ಪತ್ರೆ ಸೇರಿದಾಗ ನನ್ನ ಮಗಳು ಹಸುಗೂಸು. ಎತ್ತಿಕೊಂಡು ಹೋದೆ.

"ಮಗೀಗೂ ಐತಾ?"

"ಐತೆ ಅತ್ತೆ." ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮಗುವನ್ನು ಪಕ್ಕಕ್ಕೆ ಮಲಗಿಸಿಕೊಂಡು ಪಾದ ಸವರಿದಳು. "ಅಳ್ಬ್ಯಾಡ್ವೇ. ಏನಂತ ಗೊತ್ತಾಯ್ತಲ್ಲ ಇವ್ಳಿಗೆ. ನಂಗ್ ಗೊತ್ತಾಗೋ ಒತ್ಗೆ ತಲೆ ನೆರ್ತೋಗಿತ್ತು."

ಹಾಗೆಯೇ ಕಣ್ಣು ಮುಚ್ಚಿದಳು. ನಿದ್ದೆ ಬಂದಿತ್ತು. ಮಗುವಿನ ಕಾಲನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಬಂದೆ. ಮತ್ತೆ ಅವಳನ್ನು ಜೀವಂತ ನೋಡಲಿಲ್ಲ.