ಎಲ್ಲೂ ಬಾರದ ಸುದ್ದಿ

ಡಿಪೋದಲ್ಲಿ ಅವನನ್ನು ಆಮೆರಾಯ ಎಂದೇ ಕರೆಯುತ್ತಿದ್ದರು. ಅಷ್ಟು ನಿಧಾನವಾಗಿ ಬಸ್ಸು ಓಡಿಸುವ ಡ್ರೈವರ್ ಇನ್ನೊಬ್ಬನಿರಲಿಲ್ಲ. ಅಂಥವನಿಗೆ ಈಗ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು. ಮಾರ್ಕೆಟ್ ತಿರುವಿನಲ್ಲಿ ಅವನ ಬಸ್ಸಿನ ಹಿಂಭಾಗ ಪಿಂಗಾಣಿ ಅಂಗಡಿಯ ಕಂಬಕ್ಕೆ ತಗುಲಿ ಕಪ್ಪು-ಬಸಿಗಳೆಲ್ಲ ಪುಡಿಪುಡಿಯಾಗಿದ್ದವು. ಪುಣ್ಯಕ್ಕೆ ಯಾರಿಗೂ ಗಾಯವಾಗಿರಲಿಲ್ಲ. ನಾಳೆ ಡಿಪೋದಲ್ಲಿ ವಿಚಾರಣೆ. ಕೆಲಸ ಉಳಿಯುತ್ತದೋ ಹೋಗುತ್ತದೋ ಅಲ್ಲೇ ತೀರ್ಮಾನ.

ಅಷ್ಟರೊಳಗೆ ಎಲ್ಲರೂ ತೀರ್ಪು ಕೊಟ್ಟು ಮುಗಿಸಿದ್ದರು. ಅವನ ಮಾವ, ಅಂದರೆ ಹೆಂಡತಿಯ ಅಪ್ಪ, ಓದುವ ಪತ್ರಿಕೆಯಲ್ಲಿ 'ಚಾಲಕನ ಅಟ್ಟಹಾಸ' ಎಂಬ ದಪ್ಪಕ್ಷರ. ಪಕ್ಕದ ಮನೆಗೆ ಬರುವ ಪತ್ರಿಕೆಯಲ್ಲಿ 'ರಸ್ತೆ ನುಂಗಿದ ಅಂಗಡಿಗಳು'. ಅದರಲ್ಲಿ ಡ್ರೈವರನ ಸುದ್ದಿಯೇ ಇಲ್ಲ, ಬಸ್ಸು ತಾನಾಗಿ ನಡೆದು ಬಂದಿತ್ತೇನೋ! ಟೀವಿಯವನು ಒಂದು ಗುಂಡಿಯ ಪಕ್ಕ ನಿಂತು ನಗರಸಭೆಗೆ ಉಗಿದು ಹೋದ. ಗುಂಡಿ ಇದ್ದದ್ದು ನಿಜ, ಆದರೆ ರಸ್ತೆಯ ಆಚೆ ಬದಿಗೆ.

ಮಾವ ಅಳಿಯನ ನಡಿಗೆ ಬಲ್ಲವರು. ಆದರೂ ಹರೆಯದಿಂದ ಓದಿಕೊಂಡು ಬಂದ ಪತ್ರಿಕೆ ಸುಳ್ಳು ಹೇಳೀತೇ? "ನೀವು ಸ್ವಲ್ಪ ಸ್ಪೀಡಾಗೇ ಬಂದಿರ್ಬೇಕು ಅಳಿಯಂದ್ರೇ," ಎಂದು ತಣ್ಣಗೆ ಹೇಳಿ ಪುಟ ತಿರುಗಿಸಿದರು. ಆಮೆರಾಯನಿಗೆ ಮೈಯೆಲ್ಲ ಉರಿದುಹೋಯಿತು. ಒಬ್ಬ ಪುಣ್ಯಾತ್ಮನಾದರೂ ತನ್ನನ್ನು ಒಂದು ಮಾತು ಕೇಳಿದನೇ ಎಂದು ಗೊಣಗುತ್ತ ಮನೆ ತುಂಬಾ ತಿರುಗಿದ.

ಹೆಂಡತಿಗೆ ಕೇಳಿ ಕೇಳಿ ಸಾಕಾಗಿತ್ತು. ಮಡಚುತ್ತಿದ್ದ ಬಟ್ಟೆ ಬದಿಗಿಟ್ಟು, ನಾಳೆ ಸಾಹೇಬರ ಮುಂದೆ ಹೇಳುವುದನ್ನು ತನ್ನ ಮುಂದೆ ಹೇಳಿ ಎಂದಳು. ಅವನು ಗಡಗಡ ಒಪ್ಪಿಸಿದ. ಅಂಗಡಿಯವಳು ರಸ್ತೆಯಂಚಿನ ಬಿಳಿ ಗೆರೆ ದಾಟಿ ಕಂಬ ನೆಟ್ಟಿದ್ದಳು. ಮುಂದೆ ಯಾವನೋ ಸ್ಕೂಟರ್ ನಿಲ್ಲಿಸಿದ್ದ. ಆ ತಿರುವಿನಲ್ಲಿ ಕಂಡಕ್ಟರ್ ಹಿಂದಿನ ಬಾಗಿಲಿಂದ ನೋಡಿ ಸೀಟಿ ಊದಿದ ಮೇಲೆಯೇ ಬಸ್ಸು ತಿರುಗಿಸುವುದು ಡಿಪೋದ ರೂಢಿ. ಆ ಮಹಾಶಯ ಟಿಕೆಟ್ ಹರಿಯುತ್ತ ನಿಂತಿದ್ದ, ಸೀಟಿ ಊದಲೇ ಇಲ್ಲ.

"ಸೀಟಿ ಬರ್ದೇ ನೀವ್ಯಾಕೆ ತಿರುಗಿಸಿದ್ರಿ?"

ಮಾವ ಪತ್ರಿಕೆ ಕೆಳಗಿಳಿಸಿದರು.

"ಹಿಂದಿನವರು ಒಂದೇ ಸಮ ಹಾರನ್ ಹೊಡೀತಿದ್ರು. ರೇಗಿಹೋಯ್ತು. ತಿರುಗಿಸ್ಬಿಟ್ಟೆ."

"ಇದು ಯಾವ ಪೇಪರಲ್ಲೂ ಬಂದಿಲ್ಲ," ಎಂದಳು ಹೆಂಡತಿ. "ನೀವು ಹೇಳಿದ್ರಲ್ಲೂ ಬರ್ಲಿಲ್ಲ."

ಅವನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. "ಅದನ್ನ ಹೇಳಿದ್ರೆ ಕೆಲ್ಸ ಹೋಗುತ್ತೆ ಕಣೇ."

ಅವಳು ಬಟ್ಟೆ ಮಡಚಲು ಹೋಗದೆ ಕೇಳಲು ಕೂತೇ ಇದ್ದಳು. ಅವನು ಗಂಟಲು ಸರಿಮಾಡಿಕೊಂಡು ಮತ್ತೆ ಮೊದಲಿನಿಂದ ಹೇಳತೊಡಗಿದ. ಈ ಸಲ ಹಾರನ್ನಿನಿಂದ ಶುರುಮಾಡಿದ.